ತಪ್ಪಿದ ಓಟಕ್ಕೆ ಬಡ್ಡಿ ಕಟ್ಟುತ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

ವಿನುತಾ (ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ) ಕರಾವಳಿಯ ಒಂದು ಊರಿನ ಬ್ಯಾಂಕ್ ಅಧಿಕಾರಿ. ವಯಸ್ಸು 39. ಕಣಕಾಲಿನ ಮೂಳೆಗೆ ಪದೇ ಪದೇ ಬಿದ್ದ ಒತ್ತಡದಿಂದ ಪೆಟ್ಟಾಗಿದೆ, ಆರು ವಾರ ಓಡಬಾರದು ಎಂದು ಮೂಳೆತಜ್ಞರು ಹೇಳಿದ್ದರು. ವಾರ ಮುಗಿಯುವುದರೊಳಗೆ ಓಡಿದರು. ಬೈದು ಸಾಕಾದ ವೈದ್ಯರೇ ಅವರನ್ನು ನನ್ನ ಬಳಿಗೆ ಕಳುಹಿಸಿದರು.

ಗುರಿ ಇದ್ದದ್ದು ಗೋವಾದ ಅರ್ಧ ಐರನ್‌ಮ್ಯಾನ್ ಸ್ಪರ್ಧೆ: ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಂದರ ಬೆನ್ನಿಗೆ ಒಂದು. ಅದು ನಡೆಯುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಅಂದರೆ ಕರಾವಳಿಯವರ ಅಭ್ಯಾಸದ ಮುಖ್ಯ ತಿಂಗಳುಗಳೆಲ್ಲ ಮಳೆಗಾಲದ ಪಾಲು. ಜೂನ್ ಬಂದರೆ ಕಡಲಿಗೆ ಇಳಿಯುವಂತಿಲ್ಲ. ಸುರಿಯುವ ಮಳೆಯಲ್ಲಿ ಹೆದ್ದಾರಿಯ ಮೇಲೆ ಸೈಕಲ್ ತುಳಿಯುವುದೂ ಅಪಾಯ. ವಿನುತಾ ಇದಕ್ಕೆ ಕಂಡುಕೊಂಡ ದಾರಿ, ಮಳೆ ತಿಂದುಹಾಕಿದ ಸವಾರಿಗಳನ್ನೆಲ್ಲ ಓಟದಲ್ಲಿ ತುಂಬಿಸುವುದು. ಅದಕ್ಕೂ ಮೊದಲು ಅವರು ಓಡಿದ್ದೇ ಅಪರೂಪ.

ಮೊಬೈಲಿನ ತರಬೇತಿ ಪಟ್ಟಿಯನ್ನು ತೋರಿಸಿದರು. ಮಾಡಿದ ದಿನ ಹಸಿರು, ತಪ್ಪಿದ ದಿನ ಕೆಂಪು. "ಕೆಂಪು ಕಂಡರೆ ನಿದ್ದೆ ಬರುವುದಿಲ್ಲ ಮೇಡಂ. ನಮ್ಮ ಬ್ಯಾಂಕಿನಲ್ಲಿ ಕಂತು ತಪ್ಪಿದವರಂತೆ, ಬಡ್ಡಿ ಏರುತ್ತಲೇ ಹೋಗುತ್ತದೆ ಅನ್ನಿಸುತ್ತದೆ" ಎಂದರು. ಮಂಗಳವಾರದ ಓಟ ತಪ್ಪಿದರೆ ಬುಧವಾರ ಎರಡು ಓಟ. ಸ್ಪರ್ಧೆಯ ಶುಲ್ಕ ಕಟ್ಟಿದ ದಿನ "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಎಂದ ನೆಂಟರಿದ್ದರು. ಒಂದೊಂದು ಕೆಂಪು ಚೌಕವೂ ಅವರ ಮಾತನ್ನೇ ನಿಜ ಮಾಡುತ್ತಿರುವಂತೆ ಇವರಿಗೆ ಕಾಣುತ್ತಿತ್ತು.

ಸೋಮಾರಿಗಳನ್ನು ಎಬ್ಬಿಸುವ ಸಲಹೆಗಳು ಬೇಕಾದಷ್ಟಿವೆ. ಶ್ರಮಜೀವಿಗಳನ್ನು ಕೂರಿಸುವುದು ಕಷ್ಟ. "ವಿಶ್ರಾಂತಿ ತೆಗೆದುಕೊಳ್ಳಿ" ಎಂಬ ಬುದ್ಧಿಮಾತು ಇವರಿಗೆ ತಾಗುವುದಿಲ್ಲ, ಕಾರಣ ಹೇಳಬೇಕು. ಹೇಳಿದೆ: ವ್ಯಾಯಾಮದ ಹೊತ್ತಿನಲ್ಲಿ ದೇಹ ದಣಿಯುತ್ತದೆ, ಗಟ್ಟಿಯಾಗುವುದು ಆಮೇಲಿನ ಊಟ ಮತ್ತು ನಿದ್ದೆಯಲ್ಲಿ. ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಪಳಗುವುದೂ ಇಲ್ಲ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಂಡರೆ, ಮೂಳೆಗೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಎರಡು ವರ್ಷ ಸೈಕಲ್ ತುಳಿದಿದ್ದ ವಿನುತಾ ಅವರ ಎದೆ ಯಾವ ಓಟಕ್ಕೂ ಏದುಸಿರು ಬಿಡಲಿಲ್ಲ. ಸವಾರಿಯಲ್ಲಿ ನೆಲದ ಹೊಡೆತವನ್ನೇ ಕಾಣದ ಕಾಲಿನ ಮೂಳೆಗೆ ಅದು ತೀರಾ ಹೊಸದು.

ತರಬೇತಿಯ ಪಟ್ಟಿ ಬರೆಯುವುದು ನನ್ನ ಕೆಲಸವಲ್ಲ. ಅದನ್ನು ಕೋಚ್‌ಗೆ ಬಿಟ್ಟು, ಪಟ್ಟಿಯ ಜೊತೆ ಬದುಕುವ ಬಗೆಯನ್ನು ಮಾತನಾಡಿದೆವು. ತಪ್ಪಿದ್ದು ತಪ್ಪಿತು, ಮರುದಿನ ಆ ದಿನದ ಪಾಲು ಮಾತ್ರ. ಮೂರು ವಾರ ತುಸು ತುಸುವೇ ಏರಿಸಿ, ನಾಲ್ಕನೆಯ ವಾರ ಬೇಕೆಂದೇ ಇಳಿಸಬೇಕು. ಆ ವಾರದ ವಿಶ್ರಾಂತಿಯ ದಿನಗಳನ್ನೂ ಪಟ್ಟಿಯಲ್ಲಿ ಹಸಿರು ಮಾಡಬೇಕು ಎಂದಾಗ ಮೊದಲ ಬಾರಿ ನಕ್ಕರು. ಹೆಚ್ಚಿನ ಅಭ್ಯಾಸ, ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿರಲಿ. ಬೆಳಗ್ಗೆ ಎದ್ದಾಗಿನ ನಾಡಿಬಡಿತ ಕೆಲವು ದಿನ ಎಂದಿಗಿಂತ ಏರಿಯೇ ಇದ್ದು, ನಿದ್ದೆಯೂ ಕೆಟ್ಟಿದ್ದರೆ ಕೋಚ್‌ಗೆ ಹೇಳಿ ಭಾರ ತಗ್ಗಿಸಬೇಕು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಶನಿವಾರ ಅವರಿಗೆ ಒಪ್ಪೊತ್ತು. ಭಾನುವಾರ ಬೆಳಗಿನ ಜಾವ ಬರೀ ಕಾಫಿ ಕುಡಿದು ವಾರದ ಅತಿ ದೊಡ್ಡ ಅಭ್ಯಾಸ. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ವಯಸ್ಸಿನ ಪ್ರಭಾವ ಇರಬಹುದೆಂದು ಯಾರಿಗೂ ಹೇಳಿರಲಿಲ್ಲ. ಪ್ರಕರಣದ ಗಂಟು ಇಲ್ಲಿದೆ ಅನ್ನಿಸಿತು. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಉಣ್ಣದಿದ್ದಾಗ ದೇಹ ಹಾರ್ಮೋನುಗಳ ಕೆಲಸಕ್ಕೇ ಕತ್ತರಿ ಹಾಕುತ್ತದೆ, ಮೂಳೆ ಸವೆಯುತ್ತದೆ. ಮನಸ್ಸಿನ ಮಾತನ್ನು ಅಲ್ಲಿಗೇ ನಿಲ್ಲಿಸಿ ಸ್ತ್ರೀರೋಗ ತಜ್ಞರಲ್ಲಿಗೂ ಆಹಾರ ತಜ್ಞರಲ್ಲಿಗೂ ಕಳುಹಿಸಿದೆ. ದೂರದ ಓಟ, ಸವಾರಿ ಅಭ್ಯಾಸ ಮಾಡುವ ಹೆಣ್ಣುಮಕ್ಕಳೇ, ಮುಟ್ಟು ತಪ್ಪಿದ್ದನ್ನು ಪರಿಶ್ರಮದ ಗುರುತು ಎಂದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ.

ಉಪವಾಸ ಬಿಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಬಹುಶಃ ಮತ್ತೆ ಬರುತ್ತಿರಲಿಲ್ಲ. ಅತ್ತೆಯವರನ್ನು ಕೇಳಿ ನೋಡಿ ಎಂದೆ. ಅತ್ತೆ ಕ್ಷಣದಲ್ಲಿ ತೀರ್ಮಾನಿಸಿದರಂತೆ: "ಸೋಮವಾರ ಮಾಡು. ಅದು ಶಿವನ ವಾರ, ಹೇಗೂ ನಿನಗೆ ಅಂದು ಓಟವಿಲ್ಲ." ಈಗ ಶನಿವಾರ ರಾತ್ರಿ ಅನ್ನ, ಭಾನುವಾರ ಹೊರಡುವ ಮುನ್ನ ಬಾಳೆಹಣ್ಣು, ಜೇಬಿನಲ್ಲಿ ಖರ್ಜೂರ.

ಗೋವಾವನ್ನು ಮುಂದಿನ ವರ್ಷಕ್ಕೆ ತಳ್ಳಲು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಕಟ್ಟಿದ ಶುಲ್ಕ ಹೋಗುತ್ತದೆಂಬ ಲೆಕ್ಕದ ಹಿಂದೆ ನೆಂಟರ ಮುಖಗಳೇ ಇದ್ದವು. ಗಂಡನನ್ನೂ ಒಮ್ಮೆ ಕರೆಸಿ ಮಾತನಾಡಿದೆ. ಸಂಜೆ ಊಟಕ್ಕೆ ಕೂತರೆ ಸಾಕು, ಯಾವ ಪದಕವೂ ಬೇಡ ಎಂಬ ಅವರ ಅಹವಾಲು ನ್ಯಾಯವಾದದ್ದೇ.

ಮೂಳೆ ಕೂಡಿದ ಮೇಲೆ ವೈದ್ಯರ ಅನುಮತಿಯೊಂದಿಗೆ, ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರು ಮಾಡಿದರು. ಬೇಸಿಗೆಯಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸಣ್ಣ ಸ್ಪರ್ಧೆಯೊಂದನ್ನು ನೋವಿಲ್ಲದೆ ಮುಗಿಸಿದರು. ಮುಟ್ಟು ಮರಳಿದೆ. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನ ಕೆಲಸಕ್ಕೆ ಪಟ್ಟಿಯ ಒಂದಿಡೀ ವಾರ ಕೆಂಪಾಗಿತ್ತು, ಅದನ್ನು ಹಾಗೆಯೇ ಬಿಟ್ಟರು. ತೆರೆದ ಕಡಲಿನಲ್ಲಿ ತಳ ಕಾಣದಾಗ ಉಸಿರು ಕಟ್ಟುವ ಭಯ ಇನ್ನೂ ಹೋಗಿಲ್ಲ. ಈಗಿನ ಭೇಟಿಗಳಲ್ಲಿ ನಾವು ಮಾತನಾಡುತ್ತಿರುವುದು ಅದನ್ನೇ.