ನಮ್ಮ ಠಾಣೆಯ ಪೊಲೀಸರ ತರಬೇತಿಗೆ ಬಡಾವಣೆಯಿಂದ ಹಣ ಎತ್ತಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಬಡಾವಣೆಯ ಸಂಘ, ಠಾಣೆಯ ಸಿಬ್ಬಂದಿಗೆ ತರಬೇತಿ, ಪೊಲೀಸರು ಮತ್ತು ಜನ ಸೇರಿ ಮಾಡುವ ಕಾರ್ಯಕ್ರಮ, 3 ಲಕ್ಷದ ಗುರಿ. ಅಂಗಡಿಗಳಿಂದ ಎತ್ತೋದಾ, ಕಂಪನಿಗಳನ್ನು ಕೇಳೋದಾ, ಆನ್‌ಲೈನ್‌ನಲ್ಲಿ ಹಾಕೋದಾ ಅಂತ ಕೇಳಿದ್ದೀರಿ. 2018ರಲ್ಲಿ ಮೈಸೂರಿನಲ್ಲಿ ನಾನೂ ಇದನ್ನೇ ಕೇಳುತ್ತಾ ಓಡಾಡುತ್ತಿದ್ದೆ. ನಮ್ಮ ಗುರಿ 2 ಲಕ್ಷ ಇತ್ತು, ಅಷ್ಟೇ ವ್ಯತ್ಯಾಸ.

ಅದು ಶುರುವಾಗಿದ್ದು ನನ್ನ ಅಮ್ಮನಿಂದ. ಅಮ್ಮನಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಒಂದು ರಾತ್ರಿ ಚಿಲಕ ತೆಗೆದು ಹೊರಟುಬಿಟ್ಟಿದ್ದರು. ನಮಗೆ ಎಚ್ಚರ ಆದಾಗ ಎರಡು ಗಂಟೆ. ನಾವು ಗಾಬರಿಯಲ್ಲಿ ಪಾರ್ಕು, ದೇವಸ್ಥಾನ ಅಂತ ಸುತ್ತುತ್ತಿದ್ದರೆ, ಅತ್ತ ನಮ್ಮ ಬೀಟ್ ಕಾನ್‌ಸ್ಟೆಬಲ್ ರಿಂಗ್ ರೋಡಿನ ಬಸ್ ಶೆಲ್ಟರ್‌ನಲ್ಲಿ ಅಮ್ಮ ಕೂತಿದ್ದನ್ನು ನೋಡಿದ್ದರು. ಇನ್ನೂ ಮೂವತ್ತು ದಾಟದ ಹುಡುಗ. ಅಮ್ಮನ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ನರಸೀಪುರದ ಬಸ್ಸಿಗೆ ಕಾಯ್ತಿದೀನಿ ಅಂದರಂತೆ. ನರಸೀಪುರ ಅಮ್ಮನ ತವರು, ಅಲ್ಲಿನ ಮನೆ ಮಾರಿ ಮೂವತ್ತು ವರ್ಷ ಆಗಿತ್ತು.

ಆ ಹುಡುಗ "ಮನೆ ಎಲ್ಲಿ, ಫೋನ್ ನಂಬರ್ ಹೇಳಿ" ಅಂತ ಜೋರು ಮಾಡಲಿಲ್ಲ. ಬೈಕ್ ನಿಲ್ಲಿಸಿ ಪಕ್ಕದಲ್ಲಿ ಕೂತರಂತೆ. "ನಾನೂ ಆ ಕಡೇನೇ ಅಜ್ಜಿ, ಬಸ್ಸು ಲೇಟಂತೆ. ಡಬ್ಬೀಲಿ ಏನಿದೆ?" ಅಂತ ಕೇಳಿದರಂತೆ. ಡಬ್ಬಿ ಖಾಲಿ. ಆದರೆ ಮುಚ್ಚಳದ ಮೇಲೆ ನಮ್ಮ ಅಪ್ಪನ ಹೆಸರು ಕೊರೆದಿತ್ತು, ಮೊದಲೆಲ್ಲ ಪಾತ್ರೆ ಅಂಗಡಿಯವರು ಕೊರೆದುಕೊಡುತ್ತಿದ್ದರಲ್ಲ, ಹಾಗೆ. ಆ ಹೆಸರನ್ನು ಬಡಾವಣೆಯ ವಾಚ್‌ಮನ್‌ಗೆ ಹೇಳಿ ಮನೆ ಹುಡುಕಿದರು. ಮೂರೂವರೆಗೆ ಅಮ್ಮ ಮನೆಯಲ್ಲಿದ್ದರು. ಅವತ್ತಿನಿಂದ ಅಮ್ಮ ಅವರನ್ನು "ಸುಬ್ಬು" ಅಂತಲೇ ಕರೆಯುತ್ತಿದ್ದರು, ತೀರಿಹೋದ ತಮ್ಮನ ಹೆಸರು. ಅವರೂ ಸಂಜೆ ಬೀಟ್‌ಗೆ ಬಂದಾಗ ಗೇಟಿನ ಹತ್ತಿರ ಎರಡು ನಿಮಿಷ ನಿಂತು ಮಾತಾಡಿಸಿ ಹೋಗುತ್ತಿದ್ದರು.

ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರ ಅಜ್ಜಿಗೂ ಹೀಗೇ ಆಗಿತ್ತಂತೆ, ಹಾಗಾಗಿ ಗೊತ್ತಿತ್ತು. ಠಾಣೆಯಲ್ಲಿ ಎಲ್ಲರಿಗೂ ಇದು ಗೊತ್ತಿದ್ದರೆ ಅನ್ನುವ ಆಸೆ ನನ್ನ ತಲೆಯಲ್ಲಿ ಕೂತಿತು. ಮರೆವಿನ ಹಿರಿಯರು, ಕಿವಿ ಕೇಳದವರು, ಮಾತು ಬಾರದ ಮಕ್ಕಳು, ಇವರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನೋದರ ತರಬೇತಿ. ನಾನು ಆಗ ಸಂಘದ ಕಾರ್ಯದರ್ಶಿ. ಇನ್‌ಸ್ಪೆಕ್ಟರ್‌ನ ಕಂಡೆವು. "ಮಾಡಿ ಮೇಡಂ, ಒಳ್ಳೇ ಕೆಲಸ" ಅಂದರು. ಬಾಯಿಮಾತು ಅಷ್ಟೇ, ಕಾಗದ ಇಲ್ಲ. ನಾವು ಮಾರನೇ ದಿನವೇ ರಸೀದಿ ಪುಸ್ತಕ ಅಚ್ಚು ಹಾಕಿಸಿದೆವು. ಮೇಲೆ ಠಾಣೆಯ ಹೆಸರು, ಕೆಳಗೆ "ಪೊಲೀಸ್ ತರಬೇತಿ ಸಹಾಯ ನಿಧಿ".

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದ್ರೆ ನೀವು ಬರೆದಿರುವ ಒಂದು ಸಾಲಿನಲ್ಲಿ ಅದೇ ತಪ್ಪು ಇದೆ: "ಪೊಲೀಸರೂ ಜೊತೆಗೆ ಬಂದರೆ ಜನರಿಗೆ ನಂಬಿಕೆ ಬರುತ್ತದೆ."

ನಾನೂ ಅದನ್ನೇ ಅಂದುಕೊಂಡಿದ್ದೆ. ಮೇನ್ ರೋಡಿನ ಅಂಗಡಿಗಳಿಗೆ ಹೋಗುವಾಗ ಆ ಕಾನ್‌ಸ್ಟೆಬಲ್‌ಗೆ ನಮ್ಮ ಜೊತೆ ಬನ್ನಿ ಅಂದೆ. "ಅಕ್ಕ, ನಾನು ಬೇಕಾ?" ಅಂದರು. ಅವರಿಗೆ ಇಷ್ಟ ಇರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನೇ ಒತ್ತಾಯ ಮಾಡಿದೆ. ಡ್ಯೂಟಿ ಸಮಯ, ಅವರು ಯೂನಿಫಾರ್ಮ್‌ನಲ್ಲೇ ಬಂದರು. ನಾವು ಮೂರು ಜನ ಸಂಘದವರು ಮುಂದೆ, ಅವರು ಒಂದು ಹೆಜ್ಜೆ ಹಿಂದೆ. ಎಷ್ಟು ಚೆನ್ನಾಗಿ ಹಣ ಬಂತು ಅಂದ್ರೆ, ಒಂದು ಅಂಗಡಿಯವರೂ ಇಲ್ಲ ಅನ್ನಲಿಲ್ಲ. ಒಬ್ಬರೂ ಯಾಕೆ, ಏನು ತರಬೇತಿ, ಯಾರು ಕೊಡ್ತಾರೆ ಅಂತ ಕೇಳಲಿಲ್ಲ. ನನಗೆ ಅವತ್ತೇ ಅನುಮಾನ ಬರಬೇಕಿತ್ತು. ಗಣಪತಿ ಕೂರಿಸುವ ಹುಡುಗರಿಗೇ ನೂರು ಪ್ರಶ್ನೆ ಕೇಳುವ ಜನ ಅವರು.

ಬೇಕರಿಯವರ ಸರದಿ ಬಂತು. ನಾನು ಕರಪತ್ರ ಚಾಚಿದೆ. ಅವರು ಅದನ್ನು ನೋಡಲೇ ಇಲ್ಲ, ನನ್ನ ಭುಜದ ಆಚೆ ನೋಡಿದರು. ದಿಲ್‌ಪಸಂದ್ ಇಟ್ಟ ಟ್ರೇ ಕೆಳಗಿನ ಪೇಪರ್ ಎತ್ತಿ ಐನೂರರ ನಾಲ್ಕು ನೋಟು ತೆಗೆದು ಕೌಂಟರ್ ಮೇಲೆ ಇಟ್ಟರು, ಎಣಿಸಲೂ ಇಲ್ಲ. ನಾನು ಹೆಸರು ಹೇಳಿ, ರಸೀದಿ ಬರೀತೀನಿ ಅಂದೆ. "ರಸೀದಿ ಯಾಕೆ ಮೇಡಂ, ಯಾವತ್ತೂ ತಗೊಂಡಿಲ್ಲ" ಅಂದರು.

ನನ್ನ ಪೆನ್ನು ಅಲ್ಲೇ ನಿಂತಿತು. ಹಿಂದೆ ತಿರುಗಿ ನೋಡಿದರೆ ಆ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಬೇಕರಿಯವರ ಕಣ್ಣಿಗೆ ಅದು ಮಾಮೂಲು. ನಾನು ಮಾಮೂಲು ವಸೂಲಿಗೆ ಬಂದ ಹೊಸ ಮುಖ. ತಾನು ಎಂದೂ ಒಂದು ಟೀ ಕೂಡ ಬಿಟ್ಟಿ ಕುಡಿಯದ ಆ ಹುಡುಗನನ್ನು ವಸೂಲಿಯವರ ಸಾಲಿಗೆ ನಿಲ್ಲಿಸಿದ್ದು ನಾನು.

ಇಲ್ಲ ಅನ್ನೋಕೆ ಆದರೆ ಮಾತ್ರ ಅದು ದೇಣಿಗೆ. ಕೊಡದಿದ್ದರೆ ನಾಳೆ ಅಂಗಡಿ ಮುಂದೆ ನಿಂತ ಗಾಡಿಗೆ ದಂಡ ಬೀಳುತ್ತಾ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಅಂತ ಲಾಠಿ ಬಡೀತಾರಾ ಅನ್ನುವ ಯೋಚನೆ ಒಂದು ಕ್ಷಣ ಬಂದರೂ ಸಾಕು, ಕೊಟ್ಟಿದ್ದು ದೇಣಿಗೆ ಅಲ್ಲ. ಹಾಗೆ ಆಗುತ್ತೋ ಇಲ್ಲವೋ ಅನ್ನೋದು ಬೇರೆ ಮಾತು, ಭಯ ಇದ್ದರೆ ಮುಗಿಯಿತು. ಯೂನಿಫಾರ್ಮ್ ಬರಲೇಬೇಕಿಲ್ಲ ಕೂಡ. ರಸೀದಿಯ ಮೇಲೆ ಠಾಣೆಯ ಹೆಸರಿದ್ದರೂ ಅದೇ, ಬ್ಯಾನರ್‌ನಲ್ಲಿ ಇನ್‌ಸ್ಪೆಕ್ಟರ್ ಫೋಟೋ ಇದ್ದರೂ ಅದೇ. ನಮಗೆ ಕಾಣುವುದು ನಮ್ಮ ಒಳ್ಳೆಯ ಉದ್ದೇಶ, ಅಂಗಡಿಯವರಿಗೆ ಕಾಣುವುದು ಖಾಕಿ.

ಇದರ ಇನ್ನೊಂದು ಮುಖ, ಖುಷಿಯಿಂದ ಕೊಡುವವರದ್ದು. ಒಬ್ಬರು 25,000 ಕೊಟ್ಟರು. ಎರಡು ವಾರ ಬಿಟ್ಟು ಮನೆಗೆ ಬಂದರು. ಪಕ್ಕದ ಸೈಟಿನವರ ಜೊತೆ ಕಾಂಪೌಂಡ್ ಜಗಳ, "ಇನ್‌ಸ್ಪೆಕ್ಟರ್‌ಗೆ ನಿಮ್ಮ ಕಡೆಯಿಂದ ಒಂದು ಮಾತು ಹೇಳಿ" ಅಂದರು. ಕಾಫಿ ಕೊಟ್ಟು ಕಳಿಸಿದೆ. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಅಷ್ಟು ಹೊತ್ತಿಗೆ ಮೇಲಿನ ಅಧಿಕಾರಿಗಳಿಗೆ ಒಂದು ಮೂಗರ್ಜಿ ಹೋಗಿತ್ತು: ಬೀಟ್ ಪೊಲೀಸರು ಸಂಘದ ಹೆಸರಿನಲ್ಲಿ ವಸೂಲಿ ಮಾಡುತ್ತಿದ್ದಾರೆ. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಚಂದಾ ಎತ್ತುವಂತಿಲ್ಲ, ಎತ್ತುವವರ ಜೊತೆ ಸೇರುವಂತಿಲ್ಲ, ಅವರ ನಡತೆ ನಿಯಮದಲ್ಲೇ ಇದೆ. ನನಗೆ ಗೊತ್ತಿರಲಿಲ್ಲ. ನಾನು ಓಡಿಹೋಗಿ ಲಿಖಿತ ಹೇಳಿಕೆ ಕೊಟ್ಟೆ, ಕರೆದಿದ್ದು ನಾನು, ಹಣ ಮುಟ್ಟಿದ್ದು ನಾವು ಅಂತ. ವಿಚಾರಣೆ ಮಾಡಿದವರು ಸಮಾಧಾನದಿಂದ ಕೇಳಿಸಿಕೊಂಡರು. ಹುಡುಗನ ಮೇಲೆ ದೊಡ್ಡ ಕ್ರಮ ಆಗಲಿಲ್ಲ, ಆದರೆ ಮೆಮೊ ಕೊಟ್ಟರು, ಬೇರೆ ಕಡೆ ಹಾಕಿದರು. ನಿಯಮದ ಪ್ರಕಾರ ಆ ಅಧಿಕಾರಿಗಳು ಮಾಡಿದ್ದು ಸರಿಯೇ. ಅಮ್ಮ ಮಾತ್ರ ಆರು ತಿಂಗಳು ಸಂಜೆ ಆದರೆ ಗೇಟಿನ ಹತ್ತಿರ ನಿಂತು "ಸುಬ್ಬು ಬಂದ್ನಾ?" ಅಂತ ಕೇಳುತ್ತಿದ್ದರು. ಆಮೇಲೆ ಆ ಹೆಸರೂ ಮರೆತರು.

ಬಂದಿದ್ದ 1,86,500 ರೂಪಾಯಿಯನ್ನು ವಾಪಸ್ ಕೊಟ್ಟೆವು. ಕೊಡೋದು ಎತ್ತಿದ್ದಕ್ಕಿಂತ ಕಷ್ಟ ಆಯಿತು. ಬೇಕರಿಯವರು ತಗೊಳ್ಳಲೇ ಇಲ್ಲ, "ಯಾಕೆ ಮೇಡಂ, ಕಮ್ಮಿ ಆಯ್ತಾ?" ಅಂದರು. ಮೂರು ಸಲ ಹೋಗಿ, ಒಬ್ಬಳೇ ಹೋಗಿ, ಪೂರ್ತಿ ಕಥೆ ಹೇಳಿದ ಮೇಲೆ ತೆಗೆದುಕೊಂಡರು.

ಆದ್ದರಿಂದ ನಿಮಗೆ ನೇರವಾಗಿ ಹೇಳುತ್ತೇನೆ. ಹಣ ಎತ್ತಬೇಡಿ. ಹೇಗೆ ಎತ್ತೋದು ಅನ್ನೋದು ಆಮೇಲಿನ ಮಾತು, ನಿಮಗೆ ಬೇಕಿರುವುದು ಹಣವೇ ಅಲ್ಲ. ಇದು ಹೇಗೆ ಗೊತ್ತು ಅಂದ್ರೆ, ಮುಂದಿನ ವರ್ಷ ನಾವು ಅದೇ ತರಬೇತಿಯನ್ನು ಮಾಡಿದೆವು. ಖರ್ಚು 11,400 ರೂಪಾಯಿ. ಮೂರು ದಿನದ ಊಟ-ತಿಂಡಿಗೆ 6,300, ಜೇಬಿಗೆ ಹಿಡಿಸುವ ಕಾರ್ಡ್ ಅಚ್ಚು ಹಾಕಿಸಲು 3,600, ಕಲಿಸಲು ಬಂದವರ ಓಡಾಟಕ್ಕೆ 1,500. ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ತಗೊಂಡು ಸಂಘದ ಖಾತೆಯಿಂದ ಹೋಟೆಲ್‌ಗೆ, ಪ್ರೆಸ್‌ಗೆ ನೇರ ಚೆಕ್ ಕೊಟ್ಟೆವು. ಠಾಣೆಗೆ ಒಂದು ರೂಪಾಯಿ ಹೋಗಲಿಲ್ಲ. ಒಬ್ಬ ಮನೋವೈದ್ಯರು, ಕಿವುಡ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಒಬ್ಬ ಟೀಚರ್, ಇಬ್ಬರೂ ಫೀಸ್ ಬೇಡ ಅಂದರು.

ಕೊರತೆ ಇದ್ದಿದ್ದು ಪೊಲೀಸರ ಸಮಯಕ್ಕೆ. ಬಂದೋಬಸ್ತ್, ಕೋರ್ಟು, ರಾತ್ರಿ ಗಸ್ತು. ದಸರಾ ಹತ್ತಿರ ಬಂದರಂತೂ ಮೈಸೂರಿನಲ್ಲಿ ಒಬ್ಬ ಪೊಲೀಸನೂ ಕೈಗೆ ಸಿಗಲ್ಲ. ನಾವು ಜೂನ್‌ನಲ್ಲಿ ಇಟ್ಟುಕೊಂಡೆವು, ಬೆಳಗಿನ ರೋಲ್ ಕಾಲ್ ಮುಗಿದ ಕೂಡಲೇ ಎರಡು ಗಂಟೆ, ಮೂರು ತಂಡ, ಒಟ್ಟು 34 ಜನ. ಡಾಕ್ಟರ್ ಒಬ್ಬ ಹೆಡ್ ಕಾನ್‌ಸ್ಟೆಬಲ್‌ರನ್ನು ಅಜ್ಜನ ಹಾಗೆ ಕೂರಿಸಿ ತೋರಿಸಿದರು: ಹಿಂದಿನಿಂದ ಬಂದು ಭುಜ ಮುಟ್ಟಬೇಡಿ, ಎದುರಿಗೆ ಬನ್ನಿ, ಕೂತಿದ್ದರೆ ನೀವೂ ಕೂತುಕೊಳ್ಳಿ. ವಿಳಾಸ ಕೇಳುವ ಮೊದಲು ಊಟ ಆಯ್ತಾ ಅಂತ ಕೇಳಿ. ಯಾವ ಊರಿಗೆ ಹೋಗ್ತಿದೀರಿ ಅಂತ ಕೇಳಿ, ಇಲ್ಲ ಅಂತ ವಾದ ಮಾಡಬೇಡಿ. ನನಗೆ ಗಂಟಲು ಕಟ್ಟಿತು, ಬಸ್ ಶೆಲ್ಟರ್‌ನಲ್ಲಿ ಆ ಹುಡುಗ ಮಾಡಿದ್ದನ್ನೇ ಅವರು ಹೇಳುತ್ತಿದ್ದರು.

ಬೆಂಗಳೂರಿನ ಹಿರಿಯರ ಸಹಾಯವಾಣಿ 1090 ನೋಡಿ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ್ದು. ಹಿರಿಯರ ದೂರು ಕೇಳಿ ಮಾತಾಡಿಸುವ ಕೆಲಸವನ್ನು ಟ್ರಸ್ಟ್ ಮಾಡುತ್ತದೆ, ಅದರ ಹಿಂದೆ ಪೊಲೀಸರ ಬಲ ಇರುತ್ತದೆ. ನನ್ನ ಪ್ರಕಾರ ಜನ-ಪೊಲೀಸ್ ಒಡನಾಟ ಅಂದರೆ ಇದು. ಬ್ಯಾರಿಕೇಡ್ ಕೊಡಿಸಿ ಅದರ ಮೇಲೆ ಜ್ಯುವೆಲ್ಲರಿ ಹೆಸರು ಬರೆಸೋದು ಅಲ್ಲ. ಸುಮ್ನೆ ಪೊಲೀಸರ ಕಲ್ಯಾಣಕ್ಕೆ ಏನಾದರೂ ಕೊಡಬೇಕು ಅನ್ನುವ ಆಸೆ ಇದ್ದರೆ ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ಇದೆ. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ ಅದು. ಅವತ್ತು ಧ್ವಜ ಕೊಂಡರೆ ಆ ದುಡ್ಡು ಸರಿಯಾದ ದಾರಿಯಲ್ಲೇ ಹೋಗುತ್ತದೆ.

ಕಂಪನಿ, ಆನ್‌ಲೈನ್ ವಿಷಯ ಚುಟುಕಾಗಿ. ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಪಡೆಯುವ ಸಂಸ್ಥೆಗೆ 2021ರಿಂದ ಪ್ರತ್ಯೇಕ ನೋಂದಣಿ ಬೇಕು, ಬಡಾವಣೆ ಸಂಘಕ್ಕೆ ಅದು ಸಾಮಾನ್ಯವಾಗಿ ಇರಲ್ಲ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ ಅಂತಾರಲ್ಲ, ಅದು) ಕೂಡ ಇರಲ್ಲ, ಆದರೆ ದೊಡ್ಡ ಮೊತ್ತ ಕೊಡುವವರು ಮೊದಲು ಕೇಳೋದೇ ಅದನ್ನ. ಇದ್ದರೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅವರಿಗೆ ವಿನಾಯಿತಿ ಸಿಗಲ್ಲ. ಅಮೆರಿಕದಲ್ಲಿರುವ ಮಗ, ಅಳಿಯ ಕಳಿಸ್ತಾರೆ ಅಂತ ಯಾರಾದರೂ ಅಂದರೆ ತುಂಬಾ ಹುಷಾರು. ಅವರು ಅಲ್ಲಿನ ಪ್ರಜೆ ಆಗಿದ್ದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಎರಡು ಗಂಟೆಯ ಪಾಠಕ್ಕೆ ಇಷ್ಟೆಲ್ಲ ಬೇಕಾ?

ನೀವು ಮಾಡಬೇಕಿರೋದು ಇಷ್ಟು. ನಿಮ್ಮ ಠಾಣೆಯವರಿಗೆ ಏನು ಕಲಿಯಬೇಕು ಅನ್ನಿಸಿದೆ ಅಂತ ಅವರನ್ನೇ ಕೇಳಿ, ನೀವೇ ನಿರ್ಧಾರ ಮಾಡಬೇಡಿ. ನಮ್ಮಲ್ಲಿ ಸನ್ನೆ ಭಾಷೆ ಕೇಳಿದ್ದು ಅವರೇ, ನನಗೆ ಹೊಳೆದಿರಲಿಲ್ಲ. ಕಲಿಸುವವರನ್ನು ಹುಡುಕಿ. ಆಮೇಲೆ ಅರ್ಜಿ. ಇನ್‌ಸ್ಪೆಕ್ಟರ್‌ಗೆ ಅಲ್ಲ, ಅವರು ನಾಳೆ ವರ್ಗ ಆಗಿ ಹೋಗ್ತಾರೆ, ನಮ್ಮವರು ಹೋದ ಹಾಗೆ. ಪೊಲೀಸ್ ಕಮಿಷನರ್ ಇರುವ ನಗರ ಆದರೆ ಅವರಿಗೆ, ಇಲ್ಲದಿದ್ದರೆ ಜಿಲ್ಲೆಯ ಎಸ್ಪಿಗೆ ಕೊಟ್ಟು ಲಿಖಿತ ಅನುಮತಿ ತಗೊಳ್ಳಿ, ಅದು ಕೈಗೆ ಬರುವ ತನಕ ಒಂದು ಬ್ಯಾನರ್ ಕೂಡ ಮಾಡಿಸಬೇಡಿ. ಅರ್ಜಿಯಲ್ಲಿ ಒಂದು ಸಾಲು ತಪ್ಪದೇ ಬರೆಯಿರಿ: "ಈ ಕಾರ್ಯಕ್ರಮಕ್ಕಾಗಿ ಠಾಣೆಗಾಗಲಿ ಸಿಬ್ಬಂದಿಗಾಗಲಿ ಯಾವುದೇ ರೂಪದಲ್ಲಿ ಹಣ ಕೊಡುವುದಿಲ್ಲ, ಸಾರ್ವಜನಿಕರಿಂದ ಹಣ ಸಂಗ್ರಹಿಸುವುದಿಲ್ಲ." ನಮ್ಮ ಅರ್ಜಿಗೆ ಒಂಬತ್ತನೇ ದಿನ ಸಹಿ ಬಿತ್ತು. ಪ್ರತಿ ಇನ್ನೂ ನನ್ನ ಹತ್ತಿರ ಇದೆ, ಒಂದೇ ಪುಟ. ಬೇಕಿದ್ದರೆ ಹೇಳಿ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ.