ಓಡಿದರೂ ಸಕ್ಕರೆ ಏರುವುದೇಕೆ?

ಪ್ರಶ್ನೆ: ನನಗೆ 23 ವರ್ಷ, ಫುಟ್‌ಬಾಲ್ ಆಟಗಾರ. ಕುತೂಹಲಕ್ಕೆಂದು ತೋಳಿಗೆ ಗ್ಲೂಕೋಸ್ ಸೆನ್ಸರ್ ಅಂಟಿಸಿಕೊಂಡಿದ್ದೇನೆ. ಅಭ್ಯಾಸದ ದಿನ ನೂರರ ಆಸುಪಾಸಿನಲ್ಲಿರುವ ಸಕ್ಕರೆ ಪಂದ್ಯದ ದಿನ 160 ದಾಟುತ್ತದೆ. ವಿರಾಮದ ಬಳಿಕ ಸರ್ರನೆ ಇಳಿಯುತ್ತದೆ, ಆಗ ಕಾಲುಗಳೂ ಸೋಲುತ್ತವೆ. ಓಡಿದರೆ ಸಕ್ಕರೆ ಕರಗಬೇಕಲ್ಲವೇ? ಇದು ಮಧುಮೇಹದ ಆರಂಭವೇ?

ಉತ್ತರ: ಪಂದ್ಯದ ನಡುವಿನ ಅಂಕಿಯನ್ನು ಹಿಡಿದು ಮಧುಮೇಹವೆಂದು ಹೇಳಲಾಗದು. ಒಂದೇ ವೇಗದಲ್ಲಿ ನಿಧಾನವಾಗಿ ಓಡುವಾಗ ಸ್ನಾಯುಗಳು ಬಳಸುವಷ್ಟೇ ಗ್ಲೂಕೋಸನ್ನು ಯಕೃತ್ತು ರಕ್ತಕ್ಕೆ ಬಿಡುತ್ತದೆ, ಲೆಕ್ಕ ಸರಿಹೋಗುತ್ತದೆ. ಪಂದ್ಯ ಹಾಗಲ್ಲ. ಚೆಂಡಿಗಾಗಿ ನುಗ್ಗುವುದು, ನಿಲ್ಲುವುದು, ಮತ್ತೆ ನುಗ್ಗುವುದು. ಜೊತೆಗೆ ಗೆಲ್ಲಲೇಬೇಕೆಂಬ ಉದ್ವೇಗ. ಇವೆಲ್ಲ ಅಡ್ರಿನಲಿನ್ ಹಾರ್ಮೋನನ್ನು ಉಕ್ಕಿಸುತ್ತವೆ. ಅದರ ಒತ್ತಾಯಕ್ಕೆ ಯಕೃತ್ತು ತನ್ನ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನನ್ನು ಒಡೆದು, ಸ್ನಾಯುಗಳು ಹೀರುವುದಕ್ಕಿಂತ ಹೆಚ್ಚು ಗ್ಲೂಕೋಸನ್ನು ಸುರಿಯುತ್ತದೆ. ಇಡೀ ದೇಹದ ರಕ್ತದಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ ಮಾತ್ರ. ಹಾಗಾಗಿ ಮೂರು ಗ್ರಾಂ ಹೆಚ್ಚಾದರೂ ಅಂಕಿ ಜಿಗಿಯುತ್ತದೆ. ಕೆಲವರಲ್ಲಿ ಆಟ ಶುರುವಾಗುವ ಮೊದಲೇ, ಬರೀ ಆತಂಕಕ್ಕೇ ಏರುವುದುಂಟು.

ನಾನು ಹೆಚ್ಚು ಗಮನಿಸುವುದು ಏರಿಕೆಯನ್ನಲ್ಲ, ವಿರಾಮದ ನಂತರದ ಇಳಿತವನ್ನು. ಹದಿನೈದು ನಿಮಿಷ ಕುಳಿತಾಗ ಅಡ್ರಿನಲಿನ್ ತಗ್ಗುತ್ತದೆ, ಯಕೃತ್ತು ಕೈ ಬಿಗಿಹಿಡಿಯುತ್ತದೆ. ಸ್ನಾಯುಗಳು ಮಾತ್ರ ಇನ್ನೂ ಹೀರುತ್ತಲೇ ಇರುತ್ತವೆ. ದುಡಿದ ಸ್ನಾಯುವಿಗೆ ಗ್ಲೂಕೋಸ್ ಒಳಗೆಳೆದುಕೊಳ್ಳಲು ಇನ್ಸುಲಿನ್‌ನ ಹಂಗಿಲ್ಲ. ಅದೇ ಹೊತ್ತಿಗೆ ಸಿಹಿ ಪಾನೀಯವನ್ನು ಗಟಗಟನೆ ಕುಡಿದರೆ ಇನ್ಸುಲಿನ್ ಕೂಡ ಏರುತ್ತದೆ. ದ್ವಿತೀಯಾರ್ಧದ ಮೊದಲ ನಿಮಿಷಗಳಲ್ಲಿ ಎರಡೂ ಸೇರಿ ಸಕ್ಕರೆಯನ್ನು ಕೆಳಗೆಳೆಯುತ್ತವೆ. ಕಾಲು ಸೋಲುವುದಕ್ಕೆ ಇದೊಂದೇ ಕಾರಣವೆನ್ನಲಾರೆ; ಕುಳಿತಾಗ ಸ್ನಾಯುಗಳು ತಣ್ಣಗಾಗುವುದೂ ಅಷ್ಟೇ ಮುಖ್ಯ. ಪಾನೀಯವನ್ನು ಒಮ್ಮೆಗೇ ಸುರಿದುಕೊಳ್ಳದೆ, ಆಟದುದ್ದಕ್ಕೂ ಅವಕಾಶ ಸಿಕ್ಕಾಗಲೆಲ್ಲ ಗುಟುಕು ಗುಟುಕಾಗಿ ಕುಡಿಯಿರಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಮೈದಾನಕ್ಕೆ ಮರಳುವ ಮುನ್ನ ಕೆಲವು ನಿಮಿಷ ಮೈ ಬಿಸಿಮಾಡಿಕೊಳ್ಳಿ.

ಸೆನ್ಸರನ್ನೂ ಪೂರ್ತಿ ನಂಬಬೇಡಿ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ವೇಗವಾಗಿ ಬದಲಾಗುವಾಗ ಅದು ಹಲವು ನಿಮಿಷ ಹಿಂದೆ ಬೀಳುತ್ತದೆ.

ಅನುಮಾನ ಉಳಿದರೆ ವಿಶ್ರಾಂತಿಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡಿಸಿ. 100ಕ್ಕಿಂತ ಕಡಿಮೆಯಿದ್ದರೆ ಸಹಜ; 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೆಯೇ ಇದ್ದರೆ ಮಧುಮೇಹ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯದೆ ವೈದ್ಯರನ್ನು ನೋಡಿ.

ನಿಮ್ಮ ತಂಡದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಈ ಉತ್ತರ ಅವರಿಗೆ ಸಾಲದು. ಪಂದ್ಯದ ಏರಿಕೆ ನೋಡಿ ಗಾಬರಿಯಿಂದ ಪೂರ್ತಿ ಡೋಸ್ ಚುಚ್ಚಿಕೊಂಡರೆ, ಬರಿದಾದ ಗ್ಲೈಕೋಜನ್ ತುಂಬಿಕೊಳ್ಳಲು ಸ್ನಾಯುಗಳು ರಾತ್ರಿಯಿಡೀ ಗ್ಲೂಕೋಸ್ ಹೀರುವಾಗ, ನಿದ್ದೆಯಲ್ಲೇ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಪಂದ್ಯದ ದಿನದ ಡೋಸನ್ನು ಅವರು ತಮ್ಮ ವೈದ್ಯರೊಂದಿಗೆ ಮೊದಲೇ ನಿಗದಿಪಡಿಸಿಕೊಳ್ಳಬೇಕು.