ಒಂದೇ ದಿನ ನೂರೈವತ್ತು ಬಾಟ್ಲಿ ರಕ್ತ ಬೇಡ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಯುವಕ ಸಂಘ. 2020ರಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಮರೆತಿಲ್ಲ. ಮತ್ತೆ ಅಂಥ ಸಾಂಕ್ರಾಮಿಕ ಬಂದರೆ, ಸುದ್ದಿ ಕೇಳಿದ ಕೂಡಲೇ ದೊಡ್ಡ ಶಿಬಿರ ಮಾಡಿ ನೂರೈವತ್ತು ಬಾಟ್ಲಿ ರಕ್ತ ಕೂಡಿಸೋಣ ಅಂತಿದ್ದೇವೆ. ಸರಿಯಾ? ಕೊರೊನಾ ಬಂದು ಹೋದವರು ಎಷ್ಟು ದಿನ ಕಾಯಬೇಕು?

ಉತ್ತರ: ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕುತ್ತಿಲ್ಲ. ಆದರೆ ದಯವಿಟ್ಟು ಹಾಗೆ ಮಾಡಬೇಡಿ.

ರಕ್ತವನ್ನು ಅಕ್ಕಿ ಹಾಗೆ ತುಂಬಿಸಿಡಲು ಬರುವುದಿಲ್ಲ. ಕೆಂಪು ರಕ್ತಕಣದ ಚೀಲ ಫ್ರಿಜ್‌ನಲ್ಲಿ 35ರಿಂದ 42 ದಿನ ಇರುತ್ತದೆ, ಅಷ್ಟೆ. ಪ್ಲೇಟ್‌ಲೆಟ್‌ಗೆ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಫ್ರಿಜ್ಜೇ ಆಗದು. 20ರಿಂದ 24 ಡಿಗ್ರಿಯಲ್ಲಿ, ಹಗಲು ರಾತ್ರಿ ಮೆಲ್ಲಗೆ ಅಲುಗಾಡುವ ತಟ್ಟೆಯ ಮೇಲೆ ಇಡಬೇಕು, ಐದೇ ದಿನ. ವರ್ಷದವರೆಗೆ ಕಾಯುವುದು ಹೆಪ್ಪುಗಟ್ಟಿಸಿದ ಪ್ಲಾಸ್ಮಾ (ರಕ್ತದ ದ್ರವಭಾಗ) ಮಾತ್ರ. ಒಂದೇ ದಿನ ನೂರೈವತ್ತು ಚೀಲ ಬಂದರೆ ಎಲ್ಲದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ಅತ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಅಂದರೆ ನಿಜವಾಗಿ ಬೇಕಾದ ಹೊತ್ತಿಗೆ ಫ್ರಿಜ್ಜೂ ಖಾಲಿ, ನಿಮ್ಮ ಸಂಘವೂ ಖಾಲಿ.

ಲಾಕ್‌ಡೌನ್‌ನಲ್ಲಿ ಆದದ್ದೂ ಹೆಚ್ಚು ಕಡಿಮೆ ಇಂಥದ್ದೇ. ಕಾಲೇಜು ಮುಚ್ಚಿತು, ಶಿಬಿರ ನಿಂತಿತು. ಹರ್ನಿಯಾ, ಮೊಣಕಾಲಿನಂಥ ಆಪರೇಷನ್ ಮುಂದೂಡಿದ್ದರಿಂದ ಮೊದಮೊದಲು ಬೇಡಿಕೆಯೂ ಇಳಿಯಿತು. ಆದರೆ ಹೆರಿಗೆ ಮುಂದೂಡಲಾಗುತ್ತದಾ? ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಗಡಿ ತೆರೆದಿರಲಿ ಮುಚ್ಚಿರಲಿ. ಜೊತೆಗೆ ನಮ್ಮಲ್ಲಿ ಮಳೆಗಾಲ ಅಂದರೆ ಡೆಂಗಿ.

ಇಂಥ ಹೊತ್ತಲ್ಲಿ ಆಸ್ಪತ್ರೆಯೊಳಗಿನ ಶಿಸ್ತೂ ಅಷ್ಟೇ ಮುಖ್ಯ. ಅವಧಿ ಮೊದಲು ಮುಗಿಯುವ ಚೀಲ ಮೊದಲು ಹೊರಗೆ ಹೋಗಬೇಕು. ಸ್ಥಿರವಾಗಿರುವ ರೋಗಿಯ ಹಿಮೋಗ್ಲೋಬಿನ್ 7ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ರಕ್ತದ ಅಗತ್ಯವಿಲ್ಲ (ಹೃದ್ರೋಗಿಗಳ ಲೆಕ್ಕ ಬೇರೆ). ಕೊಡುವುದಾದರೆ ಒಂದು ಚೀಲ ಕೊಟ್ಟು, ನೋಡಿ, ಆಮೇಲೆ ಇನ್ನೊಂದು. ಡೆಂಗಿಯಲ್ಲಿ ರಕ್ತಸ್ರಾವ ಇಲ್ಲದಿದ್ದರೆ ಕೌಂಟ್ 10,000ಕ್ಕಿಂತ ಕೆಳಗಿಳಿಯುವ ತನಕ ಪ್ಲೇಟ್‌ಲೆಟ್ ಬೇಕಾಗುವುದು ಅಪರೂಪ. ಮನೆಯವರು ನಲವತ್ತು ಸಾವಿರ ನೋಡಿಯೇ ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡುತ್ತಾರೆ, ಪಾಪ. ಇನ್ನೊಂದು: ಆಪರೇಷನ್‌ಗೆ ಅಂತ ಕ್ರಾಸ್‌ಮ್ಯಾಚ್ (ರೋಗಿಯ ರಕ್ತಕ್ಕೆ ಹೊಂದುತ್ತದಾ ಎಂಬ ಪರೀಕ್ಷೆ) ಮಾಡಿ ಎರಡೆರಡು ಚೀಲ ಕಾದಿರಿಸಿ, ಬಳಸದೆ ವಾಪಸ್ ಕಳಿಸುವ ಅಭ್ಯಾಸ. ಕಾದಿರಿಸಿದಷ್ಟು ದಿನ ಆ ಚೀಲ ಇನ್ಯಾರಿಗೂ ಸಿಗುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಹಾಳೆಯಲ್ಲಿ ಹೆಸರು, ಗುಂಪು, ಕೊನೆಯ ಸಲ ಕೊಟ್ಟ ತಾರೀಕು ಬರೆದಿಡಿ. ವಾರಕ್ಕೆ ಹತ್ತು ಹನ್ನೆರಡು ಮಂದಿ, ಹೊತ್ತು ಗೊತ್ತು ಮಾಡಿಕೊಂಡು ನೇರ ಬ್ಲಡ್ ಬ್ಯಾಂಕ್‌ಗೆ ಹೋಗಲಿ. ಗುಂಪೂ ಸೇರುವುದಿಲ್ಲ, ಪೂರೈಕೆಯೂ ನಿಲ್ಲುವುದಿಲ್ಲ. ಲಾಕ್‌ಡೌನ್ ಇದ್ದರೆ ಬ್ಯಾಂಕಿನವರಿಂದ ಪತ್ರ ಮೊದಲೇ ತರಿಸಿಕೊಳ್ಳಿ. 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಹೊಟ್ಟೆಗೆ ಏನಾದರೂ ತಿಂದು ಹೋಗಿ.

ಕೊರೊನಾ ರಕ್ತದಿಂದ ಹರಡಿದ್ದು ಕಂಡುಬಂದಿಲ್ಲ. ಆದರೂ ಆಗಿನ ನಿಯಮದಂತೆ ಗುಣವಾದ ಮೇಲೆ 28 ದಿನ ಕಾಯಬೇಕಿತ್ತು. ಲಸಿಕೆಯ ನಂತರವೂ ಮೊದಲು 28 ದಿನ ಇತ್ತು, 2021ರ ಮೇಯಲ್ಲಿ ಅದನ್ನು 14ಕ್ಕೆ ಇಳಿಸಿದರು. ಹೊಸ ರೋಗ ಬಂದರೆ ನಿಯಮವೂ ಹೊಸದಾಗಿರುತ್ತದೆ, ಬ್ಯಾಂಕಿಗೆ ಒಂದು ಫೋನ್ ಹಾಕಿ ಕೇಳಿಕೊಳ್ಳಿ.

ನೆಗೆಟಿವ್ ಗುಂಪಿನವರು ಸಿಗುವುದೇ ಕಡಿಮೆ, ಅವರ ಹೆಸರು ಬೇರೆ ಹಾಳೆಯಲ್ಲಿರಲಿ. ಅವರನ್ನು ವಾರದ ಸರದಿಗೆ ಸೇರಿಸಬೇಡಿ, ಬ್ಯಾಂಕಿನಿಂದ ಕರೆ ಬಂದಾಗ ಮಾತ್ರ ಕಳಿಸಿ.